ಮನೆ ವರ್ಕ್‌ಶಾಪಿಗೆ ಸೆಂಟ್ರಿಫ್ಯೂಗಲ್ ಬ್ಲೋವರ್: ಕಟ್ಟಿಸೋದಾ, ಕೊಳ್ಳೋದಾ?

ಉಳಿಬಾಚಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಮನೆ ಪಕ್ಕದ ಕಾರ್ ಶೆಡ್ಡನ್ನೇ ಮರಗೆಲಸಕ್ಕೆ ಮಾಡ್ಕೊಂಡಿದೀನಿ, 10 ಅಡಿಗೆ 18 ಅಡಿ. 10 ಇಂಚಿನ ಟೇಬಲ್ ಸಾ, 13 ಇಂಚಿನ ಥಿಕ್‌ನೆಸ್ ಪ್ಲೇನರ್, ಒಂದು ರೌಟರ್ ಟೇಬಲ್ ಇದೆ. ಹೆಚ್ಚಿನ ಕೆಲಸ ಹಳೇ ಮನೆ ಕೆಡವಿದಾಗ ಸಿಗೋ ತೇಗ, ಬೀಟೆ ಬಾಗಿಲು ಚೌಕಟ್ಟಿನದ್ದು.

ಹೊಟ್ಟು ಎಳೆಯೋಕೆ ಈಗಿರೋ ವ್ಯಾಕ್ಯೂಮ್ ಕ್ಲೀನರ್ ಟೇಬಲ್ ಸಾಗೆ ಹೇಗೋ ನಡೆಯುತ್ತೆ. ಪ್ಲೇನರ್ ಮುಂದೆ ನಿಲ್ಲಲ್ಲ. ಎರಡು ಹಲಗೆ ತಳ್ಳೋದ್ರೊಳಗೆ ಪೈಪ್ ಕಟ್ಕೊಂಡಿರುತ್ತೆ. ಪಕ್ಕದ ಮನೆಯವರು ಬಟ್ಟೆ ಒಣಗಿಸೋ ತಂತಿ ನಮ್ಮ ಕಾಂಪೌಂಡಿಗೆ ತಾಗಿದೆ, ಅವರ ಸಹನೆಗೂ ಒಂದು ಮಿತಿ ಇದೆ.

ಮೂರು ದಾರಿ ಕಾಣ್ತಿದೆ. ಒಂದು, ಡೀಲರ್ ಹತ್ರ ಇರೋ "1200 ಸಿಎಫ್‌ಎಂ" ಡಸ್ಟ್ ಕಲೆಕ್ಟರ್ (ಸಿಎಫ್‌ಎಂ ಅಂದ್ರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನೋ ಲೆಕ್ಕ). ಎರಡು, ಅಮೆರಿಕದವರ ಒಂದು ನಕ್ಷೆ ಸಿಕ್ಕಿದೆ: 12 ಇಂಚಿನ ಇಂಪೆಲ್ಲರ್ (ಗಾಳಿ ತಳ್ಳೋ ರೆಕ್ಕೆ ಚಕ್ರ), ಒಂದೂವರೆ ಎಚ್‌ಪಿ ಮೋಟರ್. ಇಲ್ಲಿನ ಫ್ಯಾಬ್ರಿಕೇಶನ್‌ನವರು ನೋಡಿ "ಮಾಡ್ಕೊಡ್ತೀವಿ ಬಿಡಿ ಸಾರ್" ಅಂದಿದ್ದಾರೆ. ಮೂರು, ಸೆಕೆಂಡ್ ಹ್ಯಾಂಡ್. ಮನೆಗೆ ಸಿಂಗಲ್ ಫೇಸ್ ಮಾತ್ರ. ಏನಂತೀರಿ?

ಗಾಳಿಲೆಕ್ಕ

ಫ್ಯಾನ್ ತಯಾರಿಸೋ ಕಡೆಯೇ ನನ್ನ ಅನ್ನ. ಹಾಗಾಗಿ ಮೊದಲು ಆ 1200 ಅನ್ನೋ ಅಂಕಿಯನ್ನ ಮರೆತುಬಿಡಿ. ಅದು ಪೈಪ್ ಇಲ್ಲದೆ, ಚೀಲ ಇಲ್ಲದೆ, ಬಾಯಿ ಪೂರ್ತಿ ಬಿಟ್ಟಾಗ ಬರೋ ಗಾಳಿ. ಅದಕ್ಕೆ ನಾಲ್ಕಿಂಚು ಪೈಪ್, ನಾಲ್ಕು ಬೆಂಡ್, ಧೂಳು ಹಿಡಿದ ಚೀಲ ಸೇರಿಸಿ, ಅರ್ಧ ಉಳಿದರೆ ಪುಣ್ಯ. ಡೀಲರನ್ನ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಮಿಮೀ ನೀರಿನ ಒತ್ತಡದಲ್ಲಿ ಎಷ್ಟು ಗಾಳಿ? ಅದನ್ನ ತೋರಿಸೋ ಕರ್ವ್ ಇಲ್ಲ ಅಂದ್ರೆ ಅಂಕಿಯೂ ಇಲ್ಲ ಅಂತಲೇ ಲೆಕ್ಕ.

ಬ್ಲೋವರಿಂದ ಶುರು ಮಾಡಬೇಡಿ, ಪೈಪಿಂದ ಶುರು ಮಾಡಿ. ಮರದ ಹೊಟ್ಟು ಪೈಪಿನಲ್ಲಿ ಕೂರದೆ ಸಾಗಬೇಕಾದ್ರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಬೇಕು. ನಾಲ್ಕಿಂಚಿನ ಪೈಪಿನಲ್ಲಿ ಆ ವೇಗಕ್ಕೆ ಸುಮಾರು 340 ಸಿಎಫ್‌ಎಂ ಹೋಗುತ್ತೆ, ಆರಿಂಚಿನದ್ರಲ್ಲಿ 770. ಟೇಬಲ್ ಸಾಗೆ, ಪ್ಲೇನರಿಗೆ 340 ಸಾಲಲ್ಲ. ನಾಲ್ಕಿಂಚಿನಲ್ಲೇ ಇನ್ನೂ ಎಳೀತೀನಿ ಅಂದ್ರೆ, ಗಾಳಿ ಎರಡರಷ್ಟು ಆಗೋಕೆ ಒತ್ತಡ ನಾಲ್ಕರಷ್ಟು ಬೇಕು. ಅದಕ್ಕೇ ಮುಖ್ಯ ಪೈಪ್ 160 ಮಿಮೀ ಪಿವಿಸಿ ಹಾಕಿ, ಮಷೀನ್ ಹತ್ರ ಮಾತ್ರ ಸಣ್ಣದು ಮಾಡಿ.

ಈಗ ಮೋಟರ್. 770 ಸಿಎಫ್‌ಎಂ ಅಂದ್ರೆ ಸೆಕೆಂಡಿಗೆ 0.365 ಘನ ಮೀಟರ್. ಪೈಪ್, ಸೈಕ್ಲೋನ್ (ಗಾಳಿಯನ್ನ ಸುತ್ತಿಸಿ ಹೊಟ್ಟನ್ನ ಕೆಳಗೆ ಬೀಳಿಸೋ ಶಂಕು ಡಬ್ಬ), ಚೀಲ ಎಲ್ಲ ಸೇರಿ 150 ಮಿಮೀ ನೀರಿನಷ್ಟು ಒತ್ತಡ ತಿನ್ನುತ್ತೆ ಅಂತಿಟ್ಕೊಳ್ಳಿ, ಅಂದ್ರೆ ಸುಮಾರು 1470 ಪಾಸ್ಕಲ್. ಎರಡನ್ನೂ ಗುಣಿಸಿ, ಊರಲ್ಲಿ ಕಟ್ಟಿದ ಬ್ಲೋವರಿನ ದಕ್ಷತೆ 50 ಪರ್ಸೆಂಟ್ ಅಂತ ಭಾಗಿಸಿದ್ರೆ 1070 ವಾಟ್ ಬರುತ್ತೆ, ಹತ್ತಿರ ಹತ್ತಿರ ಒಂದೂವರೆ ಎಚ್‌ಪಿ. ಎರಡು ಎಚ್‌ಪಿ ಹಾಕಿ, ನಿಶ್ಚಿಂತೆ.

ಟೆಕ್ಸಸ್_ತೇಗ

ನಾನು ಇಲ್ಲಿ ಅಂಥದ್ದೇ 12 ಇಂಚಿನದ್ದು ಓಡಿಸ್ತಿದೀನಿ, ಚೆನ್ನಾಗಿದೆ. ಆದ್ರೆ ಉಳಿಬಾಚಿಯವರೇ, ನಕ್ಷೆಯಲ್ಲಿ ಮೋಟರ್ ಆರ್‌ಪಿಎಂ ಎಷ್ಟು ಅಂತ ನೋಡಿದ್ರಾ? ನಮ್ಮಲ್ಲಿ ಕರೆಂಟ್ 60 ಹರ್ಟ್ಸ್. ಎರಡು ಪೋಲಿನ ಮೋಟರ್ 3450 ತಿರುಗುತ್ತೆ. ನಿಮ್ಮಲ್ಲಿ ಅದೇ ಮೋಟರ್ 2850.

ಗಾಳಿಲೆಕ್ಕ

ಟೆಕ್ಸಸ್‌ನವರು ಸರಿಯಾದ ಜಾಗಕ್ಕೆ ಕೈ ಇಟ್ರು. ಇಂಗ್ಲಿಷ್ ವೀಡಿಯೊ ನೋಡಿ ಕಟ್ಟಿದವರು "ನನ್ನದು ಯಾಕೋ ಎಳೀತಿಲ್ಲ" ಅನ್ನೋದಕ್ಕೆ ಬಹುಪಾಲು ಇದೇ ಕಾರಣ.

ವೇಗ ಕಮ್ಮಿಯಾದಷ್ಟೇ ಗಾಳಿ ಕಮ್ಮಿ. ಒತ್ತಡ ವೇಗದ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತೆ, ಪವರ್ ಘನಕ್ಕೆ ತಕ್ಕ ಹಾಗೆ. 3450ರಿಂದ 2850ಕ್ಕೆ ಬಂದ್ರೆ ಗಾಳಿ 83 ಪರ್ಸೆಂಟಿಗೆ, ಒತ್ತಡ 68 ಪರ್ಸೆಂಟಿಗೆ, ಮೋಟರ್ ಮೇಲಿನ ಹೊರೆ 56 ಪರ್ಸೆಂಟಿಗೆ ಇಳೀತು. ಮೋಟರ್ ತಣ್ಣಗೆ ಓಡ್ತಿರುತ್ತೆ, ನೋಡೋರಿಗೆ ಎಲ್ಲ ಸರಿ ಇರೋ ಹಾಗೆ ಕಾಣುತ್ತೆ, ಹೊಟ್ಟು ಮಾತ್ರ ಪೈಪಿನಲ್ಲೇ ಕೂತಿರುತ್ತೆ.

ಇಂಪೆಲ್ಲರಿನ ಅಂಚಿನ ವೇಗ ಅಷ್ಟೇ ಉಳಿಯಬೇಕಾದ್ರೆ ವ್ಯಾಸ 12ರಿಂದ ಹದಿನಾಲ್ಕೂವರೆ ಇಂಚಿಗೆ ಏರಬೇಕು. ಬ್ಲೇಡಿನ ಅಗಲ ಹೆಚ್ಚಿಸಬೇಡಿ. ಎಲ್ಲಾ ಅಳತೆಯನ್ನೂ ಒಟ್ಟಿಗೆ ಹಿಗ್ಗಿಸಿದ್ರೆ ಪವರ್ ವ್ಯಾಸದ ಐದನೇ ಘಾತಕ್ಕೆ ಓಡುತ್ತೆ, ಮೋಟರ್ ಸುಡುತ್ತೆ. 350 ಮಿಮೀ ಇಂಪೆಲ್ಲರ್ 2850ರಲ್ಲಿ ಸೆಕೆಂಡಿಗೆ 52 ಮೀಟರ್ ಅಂಚಿನ ವೇಗ ಕೊಡುತ್ತೆ. ನಿಮಗೆ ಅದು ಸಾಕು.

ಇನ್ನೊಂದು ಪುಟಾಣಿ ವಿಷಯ. ಮೈಸೂರು ಸಮುದ್ರ ಮಟ್ಟದಿಂದ 760 ಮೀಟರಿಗೂ ಮೇಲಿದೆ, ಗಾಳಿ ಅಷ್ಟರ ಮಟ್ಟಿಗೆ ತೆಳು. ಅದೇ ಬ್ಲೋವರ್ ಮಂಗಳೂರಲ್ಲಿ ಎಂಟು ಹತ್ತು ಪರ್ಸೆಂಟ್ ಹೆಚ್ಚು ಒತ್ತಡ ತೋರಿಸುತ್ತೆ.

ಕಡಲಬದಿ_ಕುಂದಾಪುರ

ಅಂತೂ ಕರಾವಳಿಯವರಿಗೆ ಸೆಖೆ ಒಂದೇ ಅಲ್ಲ, ಬೇರೆ ಲಾಭವೂ ಉಂಟು ಮಾರಾಯ್ರೆ.

ನನ್ನದೊಂದು ಪ್ರಶ್ನೆ. ಹಳೆ ಡಕ್ಟ್ ಎಸಿಯ ಡ್ರಮ್ ಬ್ಲೋವರ್ ನಮ್ಮಲ್ಲಿ ಸುಮ್ಮನೆ ಬಿದ್ದುಕೊಂಡಿದೆ, ಸುತ್ತಲೂ ಸಣ್ಣ ಸಣ್ಣ ರೆಕ್ಕೆ ಇರ್ತದಲ್ಲ, ಅದು. ಗಾಳಿ ಬೇಕಾದಷ್ಟು ಬರ್ತದೆ. ಅದನ್ನೇ ಹಾಕಿದ್ರೆ ಆಗ್ಲಿಕ್ಕಿಲ್ವಾ?

ಗಾಳಿಲೆಕ್ಕ

ಆಗಲ್ಲ. ಆ ರೆಕ್ಕೆಗಳು ತಿರುಗೋ ದಿಕ್ಕಿಗೇ ಬಾಗಿರ್ತವೆ. ಕಮ್ಮಿ ವೇಗದಲ್ಲಿ, ಸದ್ದಿಲ್ಲದೆ, ತುಂಬಾ ಗಾಳಿ ಕೊಡೋಕೆ ಮಾಡಿದ್ದು, ಒತ್ತಡ ಹುಟ್ಟಲ್ಲ. ಪೈಪ್ ಹಾಕಿದ ತಕ್ಷಣ ಮಲಗಿಬಿಡುತ್ತೆ. ಅದರ ಮೇಲೆ ರೆಕ್ಕೆ ಸಂದಿಯಲ್ಲಿ ಹೊಟ್ಟು ಮೆತ್ತಿಕೊಂಡು ಬ್ಯಾಲೆನ್ಸ್ ತಪ್ಪುತ್ತೆ. ಶೆಡ್ಡಿನ ತಾರಸಿಗೆ ತೂಗುಹಾಕಿ, ಮುಂದೆ ಫಿಲ್ಟರ್ ಇಟ್ಟು, ಗಾಳಿಯಲ್ಲಿ ತೇಲೋ ಸಣ್ಣ ಧೂಳು ಹಿಡಿಯೋಕೆ ಬಳಸಿ, ಅದಕ್ಕೆ ಬಲು ಒಳ್ಳೇದು.

ಹೊಟ್ಟು ಇಂಪೆಲ್ಲರ್ ಮೂಲಕವೇ ಹೋಗೋ ಹಾಗಿದ್ರೆ ನೇರ ಬ್ಲೇಡ್, ಅಂದ್ರೆ ರೇಡಿಯಲ್. ಮುಂಚೆಯೇ ಸೈಕ್ಲೋನ್ ಇಟ್ಟು ಹೊಟ್ಟು ಬೇರ್ಪಡಿಸ್ತೀರಿ ಅಂದ್ರೆ ಹಿಂದಕ್ಕೆ ಬಾಗಿದ ಬ್ಲೇಡ್ ಹಾಕಬಹುದು. ದಕ್ಷತೆ ಜಾಸ್ತಿ, ಸದ್ದು ಕಮ್ಮಿ, ಪೈಪ್ ಎಷ್ಟೇ ಬಿಟ್ಟರೂ ಮೋಟರ್ ಓವರ್‌ಲೋಡ್ ಆಗಲ್ಲ.

ಕಿಡಿ_ಹುಬ್ಬಳ್ಳಿ

ಉಳಿಬಾಚಿ ಅಣ್ಣಾರ, ನಾ ವೆಲ್ಡಿಂಗ್ ಮಂದಿ, ಲೆಕ್ಕ ಅವರು ಹೇಳ್ಯಾರ, ಕೆಲಸದ ಮಾತು ನಾ ಹೇಳ್ತೀನ್ರಿ.

ಇಂಪೆಲ್ಲರಿಗೆ 3 ಮಿಮೀ ಎಂಎಸ್ ಶೀಟ್, ಕೇಸಿಂಗಿಗೆ 16 ಗೇಜ್ ಸಾಕು. ಎರಡು ಎಚ್‌ಪಿ ಮೋಟರ್ ಶಾಫ್ಟ್ ಹೆಚ್ಚಾಗಿ 24 ಮಿಮೀ ಇರತೈತಿ, 8 ಮಿಮೀ ಕೀ. ಹಬ್ ಲೇತ್‌ದಾಗ ತಿರುವಿಸಿ, ಬೋರ್ ಬಿಗಿ ಇರ್ಲಿ, ಕೀವೇ ಸ್ಲಾಟಿಂಗ್ ಮಾಡಿಸ್ರಿ. ಬರೇ ಗ್ರಬ್ ಸ್ಕ್ರೂ ಮ್ಯಾಲೆ ನಂಬಿ ಕೂಡಬ್ಯಾಡ್ರಿ. ಶಾಫ್ಟಿನ ತುದಿಗೆ ಟ್ಯಾಪ್ ಹೊಡೆದು ಬೋಲ್ಟ್ ಮತ್ತ ದಪ್ಪ ವಾಷರ್ ಹಾಕಿದ್ರ ಇಂಪೆಲ್ಲರ್ ಹೊರಗ ಜಾರೂದಿಲ್ಲ.

ಬ್ಲೇಡ್ ಎಂಟು ಇದ್ರ ಒಂದಾದ ಮ್ಯಾಲೊಂದು ಸಾಲಾಗಿ ಬೆಸೀಬ್ಯಾಡ್ರಿ, ಪ್ಲೇಟ್ ಸೊಟ್ಟ ಆಗತೈತಿ. ಮೊದಲು ಎಲ್ಲಾ ಟ್ಯಾಕ್, ಆಮ್ಯಾಲೆ ಎದುರುಬದುರು ಬ್ಲೇಡಿಗೆ ಸಣ್ಣ ಸಣ್ಣ ರನ್. ಬ್ಲೇಡೆಲ್ಲಾ ಒಂದ ಶೀಟಿನಾಗಿನವ ಇರ್ಲಿ, ಬೆಸಿಯೂಕಿಂತ ಮುಂಚೆ ತೂಕ ಮಾಡಿ ಭಾರಿದ್ದದ್ರ ಎದುರಿಗೆ ಭಾರಿದ್ದದ್ದನ್ನ ಇಡ್ರಿ.

ಕೇಸಿಂಗ್ ಬಸವನಹುಳು ಆಕಾರ ಬರೀಲಿಕ್ಕ ಕಂಪ್ಯೂಟರ್ ಏನೂ ಬ್ಯಾಡ. ನಡುವ 40 ಮಿಮೀ ಚೌಕ ಬರ್ಕೋರಿ. ಒಂದೊಂದು ಮೂಲ್ಯಾಗ ಕಂಪಾಸ್ ಇಟ್ಟು ಕಾಲು ಕಾಲು ಸುತ್ತು ಎಳೀರಿ, ಪ್ರತಿ ಕಾಲಿಗೆ ತ್ರಿಜ್ಯ 40 ಮಿಮೀ ಬೆಳಕೋತ ಹೋಗತೈತಿ. ನಾಲಿಗಿ ಹತ್ರ, ಅಂದ್ರ ಸುರುಳಿ ಶುರು ಆಗೂ ಜಾಗದಾಗ, ಇಂಪೆಲ್ಲರಿಗೂ ಕೇಸಿಂಗಿಗೂ 20 ಮಿಮೀ ಸಂದಿ ಬಿಡ್ರಿ. ಬಾಳ ಹತ್ರ ತಂದ್ರ ಸೈರನ್ ಕೂಗಿದಂಗ ಕೂಗತೈತಿ.

ಬ್ಯಾಲೆನ್ಸಿಂಗ್ ಮಾತ್ರ ಹೊರಗ ಮಾಡಿಸ್ರಿ. ಇದ್ರಾಗ ಉಳಿಸೂದು ಬ್ಯಾಡ.

ಉಳಿಬಾಚಿ_ಮೈಸೂರು

ಕಿಡಿ ಅವರೇ, ತುಂಬಾ ಥ್ಯಾಂಕ್ಸ್. ಬ್ಯಾಲೆನ್ಸಿಂಗ್ ಅಷ್ಟು ಮುಖ್ಯನಾ? ಎರಡು ಬ್ಲೇಡಂಚಿನ ಮೇಲೆ ಶಾಫ್ಟ್ ಉರುಳಿಸಿ, ಭಾರ ಇರೋ ಕಡೆ ಉಜ್ಜಿದ್ರೆ ಸಾಲದಾ?

ಗಾಳಿಲೆಕ್ಕ

ಅಂಕಿ ಕೊಡ್ತೀನಿ, ನೀವೇ ತೀರ್ಮಾನ ಮಾಡಿ. ನಡುವಿನಿಂದ 150 ಮಿಮೀ ದೂರದಲ್ಲಿ 10 ಗ್ರಾಂ ಹೆಚ್ಚಿದೆ ಅಂತಿಟ್ಕೊಳ್ಳಿ, ಒಂದು ದಪ್ಪ ವೆಲ್ಡ್ ಗುಡ್ಡೆಯಷ್ಟು. 2850 ಆರ್‌ಪಿಎಂನಲ್ಲಿ ಅದು ಹುಟ್ಟಿಸೋ ಬಲ 13 ಕೆಜಿಗೂ ಹೆಚ್ಚು. ಆ ಬಲ ಸೆಕೆಂಡಿಗೆ 47 ಸಲ ದಿಕ್ಕು ಬದಲಿಸಿ ಬೇರಿಂಗನ್ನ ಗುದ್ದುತ್ತೆ. ಫ್ಯಾನುಗಳಿಗೆ ಸಾಮಾನ್ಯವಾಗಿ ಒಪ್ಪೋ ಜಿ 6.3 ಅನ್ನೋ ಬ್ಯಾಲೆನ್ಸಿಂಗ್ ದರ್ಜೆ ಪ್ರಕಾರ 3 ಕೆಜಿ ಇಂಪೆಲ್ಲರಿಗೆ ಅದೇ ಜಾಗದಲ್ಲಿ ಅರ್ಧ ಗ್ರಾಮಿನಷ್ಟೂ ವ್ಯತ್ಯಾಸ ಇರಬಾರದು.

ನಿಮ್ಮದು ವ್ಯಾಸ ದೊಡ್ಡದು, ಅಗಲ ಕಮ್ಮಿ ಇರೋ ಚಕ್ರ. ಹಾಗಾಗಿ ಉರುಳಿಸಿ ನೋಡೋ ವಿಧಾನದಲ್ಲಿ ಬಹಳಷ್ಟು ದೋಷ ಹೋಗುತ್ತೆ, ಸುಳ್ಳಲ್ಲ. ಆದ್ರೆ ಅರ್ಧ ಗ್ರಾಂ ಕೈಗೆ ಸಿಗಲ್ಲ. ಡೈನಾಮಿಕ್ ಬ್ಯಾಲೆನ್ಸಿಂಗ್ ಮಾಡೋರು ಪೀಣ್ಯದಲ್ಲಿ ಕೇಳಿದ್ರೆ ಸಿಗ್ತಾರೆ, ಮೈಸೂರಿನ ಕೈಗಾರಿಕಾ ಪ್ರದೇಶಗಳಲ್ಲೂ ವಿಚಾರಿಸಿ. ಮೊದಲ ಸಲ ಓಡಿಸುವಾಗ ಇಂಪೆಲ್ಲರ್ ತಿರುಗೋ ಸಮತಲದಲ್ಲಿ ಯಾರೂ ನಿಲ್ಲಬೇಡಿ. ಕೇಸಿಂಗ್ ಇಲ್ಲದೆ "ಸುಮ್ನೆ ಒಂದ್ಸಲ ನೋಡೋಣ" ಅಂತ ಸ್ವಿಚ್ ಒತ್ತೋರನ್ನ ಶೆಡ್ಡಿನ ಒಳಗೇ ಬಿಡಬೇಡಿ.

ಗುಜರಿಪ್ರಿಯ

ಇಷ್ಟೆಲ್ಲಾ ಕಷ್ಟ ಯಾಕೆ ಸಾಮಿ? ನಿಲ್ಲಿಸಿಬಿಟ್ಟ ಹಿಟ್ಟಿನ ಗಿರಣಿ ಹುಡುಕಿ. ಮೆಣಸಿನಪುಡಿ, ಹಿಟ್ಟು ಮಾಡೋ ಪಲ್ವರೈಸರ್ ಇರ್ತಿತ್ತಲ್ಲ, ಅದರ ಜೊತೆ ಬ್ಲೋವರು, ಸೈಕ್ಲೋನು, ಉದ್ದನೆ ಬಟ್ಟೆ ಚೀಲ ಎಲ್ಲಾ ಸೆಟ್ಟಾಗೇ ಬರುತ್ತೆ. ನಿಮಗೆ ಬೇಕಾಗಿರೋದೂ ಅದೇ ತಾನೇ? ಬ್ಲೋವರ್ ಚಿಕ್ಕದಾದ್ರೂ ಸೈಕ್ಲೋನ್ ಅಂತೂ ಕೆಲಸಕ್ಕೆ ಬರುತ್ತೆ.

ಬೆಂಗಳೂರಲ್ಲಿ ಆದ್ರೆ ಜಾಲಿ ಮೊಹಲ್ಲಾ ಕಡೆ ಒಂದು ರೌಂಡ್ ಹೊಡೀರಿ. ಮೋಟರ್, ಕೆಪಾಸಿಟರ್, ಸ್ವಿಚ್‌ಗೇರ್ ಹೊಸದೇ ಬೇಕು ಅಂದ್ರೆ ಎಸ್‌ಪಿ ರೋಡು. ಗಂಗಾವತಿ, ಸಿಂಧನೂರು ಕಡೆ ನೆಂಟರಿದ್ರೆ ಅಕ್ಕಿ ಗಿರಣಿ ಬ್ಲೋವರ್ ಸಿಗಬಹುದು, ಆದ್ರೆ ಇಂಪೆಲ್ಲರ್ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಇರುತ್ತೆ, ಉಕ್ಕನ್ನ ಉಪ್ಪುಕಾಗದದ ಥರ ಸವೆಸಿಬಿಡುತ್ತೆ. ಬ್ಲೇಡಿನ ತುದಿ ಬೆರಳಲ್ಲಿ ಮುಟ್ಟಿ, ಚಾಕು ಅಂಚಿನ ಹಾಗೆ ತೆಳ್ಳಗಾಗಿದ್ರೆ ಆ ಚಕ್ರ ಮುಗೀತು. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಆಟ ಇದ್ರೆ ಬೇರಿಂಗ್ ಬದಲಿಸೋ ಖರ್ಚು ಸೇರಿಸ್ಕೊಂಡು ಚೌಕಾಸಿ ಮಾಡಿ. ಹೊಸ ಬಣ್ಣ ಹೊಡೆದು ಇಟ್ಟಿದ್ರೆ ಇನ್ನೂ ಜಾಗ್ರತೆ.

ಕುಲುಮೆ_ಶಿರಸಿ

ಮಧ್ಯೆ ಬಾಯಿ ಹಾಕ್ತಿದೇನೆ, ಕ್ಷಮೆ ಇರಲಿ. ನನಗೂ ಬ್ಲೋವರ್ ಬೇಕು, ಆದರೆ ಸಣ್ಣ ಕುಲುಮೆಗೆ. ಕತ್ತಿ, ಹಾರೆ ತಟ್ಟುವಷ್ಟು. ಇವರದ್ದೇ ಅಳತೆ ನನಗೂ ಬೇಕಾಗುತ್ತದಾ?

ಕಿಡಿ_ಹುಬ್ಬಳ್ಳಿ

ಇಲ್ರಿ, ಅಷ್ಟು ಗಾಳಿ ಬಿಟ್ರ ಇದ್ದಲಿ ಮನಿ ತುಂಬಾ ಹಾರತಾವ. ಹೋಟೆಲ್ ಭಟ್ಟಿಗೆ ಹಾಕೂ ಸಣ್ಣ ಬ್ಲೋವರ್ ಹಾರ್ಡ್‌ವೇರ್ ಅಂಗಡ್ಯಾಗ ಸಿಗತಾವ, ಅದ ಸಾಕು. ಫ್ಯಾನ್ ರೆಗ್ಯುಲೇಟರ್ ಹಾಕಿ ವೇಗ ಇಳಿಸೂಕಿಂತ ಪೈಪಿಗೆ ಒಂದು ತಗಡಿನ ಗೇಟ್ ಮಾಡಿ ಗಾಳಿ ಹಿಡೀರಿ, ಕೈಗೆ ಛಲೋ ಸಿಗತೈತಿ. ಕರೆಂಟ್ ಹೋದಾಗ ಗೇಟ್ ಪೂರಾ ಮುಚ್ಚಬೇಕು, ಇಲ್ಲಾಂದ್ರ ಬಿಸಿ ಗ್ಯಾಸ್ ಹಿಂದಕ್ಕ ಬಂದು ಬ್ಲೋವರಿನಾಗ ತುಂಬತೈತಿ, ಮತ್ತ ಸ್ವಿಚ್ ಹಾಕಿದಾಗ ಢಂ ಅಂತೈತಿ.

ವೈಂಡರ್_ತುಮಕೂರು

ಕರೆಂಟಿನ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳ್ತೀನಿ.

ಎರಡು ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಪೂರ್ತಿ ಹೊರೆಯಲ್ಲಿ 10ರಿಂದ 12 ಆಂಪ್ಸ್ ಎಳೆಯುತ್ತೆ. ಸ್ಟಾರ್ಟಿಂಗಲ್ಲಿ ಅದರ ಐದಾರು ಪಟ್ಟು. ಬ್ಲೋವರ್ ಚಕ್ರ ಭಾರ ಇರೋದ್ರಿಂದ ವೇಗಕ್ಕೆ ಬರೋಕೆ ಕೆಲವು ಸೆಕೆಂಡ್ ಬೇಕು, ಅಷ್ಟೂ ಹೊತ್ತು ಆ ಕರೆಂಟ್ ಹರೀತಿರುತ್ತೆ. ಮನೆಯ ಮಾಮೂಲಿ 6 ಆಂಪ್ ಪ್ಲಗ್ಗಿಗೆ ಹಾಕೋ ಮಾತೇ ಇಲ್ಲ. ಬೋರ್ಡಿಂದ ನೇರ 4 ಚದರ ಮಿಮೀ ತಾಮ್ರದ ವೈರ್, ಸಿ ಕರ್ವ್ ಎಂಸಿಬಿ (ಸ್ಟಾರ್ಟಿಂಗ್ ಕರೆಂಟಿಗೆ ತಟ್ಟನೆ ಬೀಳದ ಬ್ರೇಕರ್), ಗಟ್ಟಿ ಅರ್ಥಿಂಗ್. ಕೆಪಾಸಿಟರ್ ಸ್ಟಾರ್ಟ್ ಕೆಪಾಸಿಟರ್ ರನ್ ಮೋಟರ್ ತಗೊಳ್ಳಿ. ಗೇಟ್ ಮುಚ್ಚಿ ಸ್ಟಾರ್ಟ್ ಮಾಡಿ. ಪೈಪ್ ಮುಚ್ಚಿದ್ರೆ ಮೋಟರಿಗೆ ಹೊರೆ ಜಾಸ್ತಿ ಅಂತ ಎಲ್ರೂ ಅಂದ್ಕೋತಾರೆ, ನಿಜ ತದ್ವಿರುದ್ಧ. ಗಾಳಿ ಹರಿಯದಿದ್ರೆ ಕೆಲಸವೇ ಇಲ್ಲ, ಆಂಪ್ಸ್ ಇಳಿಯುತ್ತೆ. ಕ್ಲಾಂಪ್ ಮೀಟರ್ ಹಿಡಿದು ನೋಡಿ, ನಂಬಿಕೆ ಬರುತ್ತೆ.

ನನ್ನನ್ನ ಕೇಳಿದ್ರೆ ತ್ರೀ ಫೇಸ್ ಮೋಟರ್ ಮತ್ತು ವಿಎಫ್‌ಡಿ (ಮೋಟರ್ ವೇಗ ಹೊಂದಿಸೋ ಎಲೆಕ್ಟ್ರಾನಿಕ್ ಡಬ್ಬ) ಒಳ್ಳೇದು. ಸಿಂಗಲ್ ಫೇಸ್ ಒಳಗೆ ಹೋಗಿ 230 ವೋಲ್ಟಿನ ತ್ರೀ ಫೇಸ್ ಹೊರಗೆ ಬರುತ್ತೆ, ನಿಧಾನಕ್ಕೆ ಸ್ಟಾರ್ಟ್ ಆಗುತ್ತೆ, ಲೈಟ್ ಮಿಣಮಿಣ ಅನ್ನಲ್ಲ. ನಮ್ಮಲ್ಲಿ ಎರಡು ಎಚ್‌ಪಿವರೆಗಿನ ಮೋಟರ್ ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಆಗಿರುತ್ತೆ (ಸ್ಟಾರ್, ಡೆಲ್ಟಾ ಅಂದ್ರೆ ಒಳಗಿನ ಮೂರು ಕಾಯಿಲ್ ಜೋಡಿಸೋ ಎರಡು ಬಗೆ). ಟರ್ಮಿನಲ್ ಬಾಕ್ಸಲ್ಲಿ ಆರು ತುದಿ ಇದ್ರೆ ಡೆಲ್ಟಾಗೆ ಬದಲಿಸಿ 230ರಲ್ಲಿ ಓಡಿಸಬಹುದು. ಮೂರು ಎಚ್‌ಪಿ ಆದ್ರೆ ಹೆಚ್ಚಾಗಿ ಮೊದಲೇ ಡೆಲ್ಟಾ, ಈ ಉಪಾಯ ನಡೆಯಲ್ಲ. ನೇಮ್‌ಪ್ಲೇಟ್ ಓದಿ. ವಿಎಫ್‌ಡಿ ಇದೆ ಅಂತ 60 ಹರ್ಟ್ಸಿಗೆ ಏರಿಸೋ ಆಸೆ ಬರುತ್ತೆ, ಪವರ್ 1.7 ಪಟ್ಟು ಬೇಡುತ್ತೆ, ಆಂಪ್ಸ್ ನೋಡದೆ ಮುಟ್ಟಬೇಡಿ.

ಶ್ವಾಸ

ಶ್ವಾಸಕೋಶದ ವಿಭಾಗದಲ್ಲಿ ಕೆಲಸ ಮಾಡುವವಳು ನಾನು, ಮರಗೆಲಸ ಅಪ್ಪನದ್ದು. ಇಲ್ಲಿ ಎಲ್ಲರೂ ಹೊಟ್ಟಿನ ಬಗ್ಗೆ ಮಾತಾಡ್ತಿದ್ದೀರಿ. ಕಣ್ಣಿಗೆ ಕಾಣುವ ಹೊಟ್ಟು ಪೊರಕೆಗೆ ಸಿಗುತ್ತೆ, ಎದೆಯೊಳಗೆ ಇಳಿಯೋದು 10 ಮೈಕ್ರಾನಿಗಿಂತ ಸಣ್ಣದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಖಚಿತವಾದ ಮೊದಲ ಗುಂಪಿಗೆ ಸೇರಿಸಿದೆ, ಮುಖ್ಯವಾಗಿ ಮೂಗು ಮತ್ತು ಸೈನಸ್‌ನ ಕ್ಯಾನ್ಸರ್. ಬೀಟೆ, ತೇಗ ಎರಡರ ಧೂಳಿಗೂ ಕೆಲವರಿಗೆ ಚರ್ಮದ ಅಲರ್ಜಿ ಬರುತ್ತೆ.

ಬ್ಲೋವರ್ ಜೊತೆ ಬರುವ ತೆಳು ಬಟ್ಟೆಯ ಚೀಲ ಸಣ್ಣ ಧೂಳನ್ನು ಹಿಡಿಯೋದಿಲ್ಲ, ಶೆಡ್ ತುಂಬಾ ಸಮನಾಗಿ ಹರಡುತ್ತೆ ಅಷ್ಟೇ. ಚಳಿ ದೇಶದವರು ಗಾಳಿ ಹೊರಗೆ ಬಿಟ್ಟರೆ ಮನೆ ಬಿಸಿಯೂ ಹೋಗುತ್ತೆ ಅಂತ ದುಬಾರಿ ಫಿಲ್ಟರ್ ಹಾಕ್ತಾರೆ. ಮೈಸೂರಲ್ಲಿ ಆ ಚಿಂತೆ ಯಾಕೆ? ಸೈಕ್ಲೋನ್ ಆದ ಮೇಲೆ ಗಾಳಿಯನ್ನು ನೇರ ಹೊರಗೆ, ಸೂರಿಗಿಂತ ಮೇಲಕ್ಕೆ ಬಿಡಿ, ಬಟ್ಟೆ ತಂತಿಯ ಕಡೆಗಲ್ಲ. ಹೊರಗೆ ಹೋದಷ್ಟೇ ಗಾಳಿ ಒಳಗೆ ಬರಲು ಕಿಟಕಿ ತೆಗೆದಿರಲಿ. ಮಾಸ್ಕ್ ಅಂತೂ ಬೇಕೇ ಬೇಕು.

ಟೆಕ್ಸಸ್_ತೇಗ

ಶ್ವಾಸ ಅವರು ಹೇಳಿದ್ದು ನಿಜ. ಜನವರಿಯಲ್ಲಿ ನಮ್ಮ ಗರಾಜಿನ ಕಿಟಕಿ ತೆಗೆದ್ರೆ ಮನೆಯಾಕೆ ನನ್ನನ್ನೂ ಹೊರಗೆ ಬಿಡ್ತಾಳೆ.

ಉಳಿಬಾಚಿ_ಮೈಸೂರು

ಅಪ್‌ಡೇಟ್. ಗುಜರಿಪ್ರಿಯರ ಮಾತು ಕೇಳಿದೆ. ಮುಚ್ಚಿದ ಒಂದು ಫರ್ನಿಚರ್ ಘಟಕದಿಂದ ಬ್ಲೋವರ್ ಸಿಕ್ತು: 350 ಮಿಮೀ, ಹಿಂದಕ್ಕೆ ಬಾಗಿದ ಬ್ಲೇಡ್, ಎರಡು ಎಚ್‌ಪಿ ತ್ರೀ ಫೇಸ್, ಆರು ತುದಿ. ಬೇರಿಂಗ್ ಎರಡೂ ಬದಲಿಸಿ, ಇಂಪೆಲ್ಲರ್ ಬ್ಯಾಲೆನ್ಸ್ ಮಾಡಿಸಿ, ಡೆಲ್ಟಾ ಮಾಡಿಸಿ ವಿಎಫ್‌ಡಿ ಹಾಕಿಸಿದೆ. ಗಿರಣಿಯ ಸೈಕ್ಲೋನು, ಅದರ ಕೆಳಗೆ 200 ಲೀಟರ್ ಕಬ್ಬಿಣದ ಡ್ರಮ್ಮು, 160 ಪೈಪು. ಕಂಪನ ಇಲ್ಲವೇ ಇಲ್ಲ, ಕೇಸಿಂಗ್ ಮೇಲೆ ನಾಣ್ಯ ನಿಲ್ಲುತ್ತೆ.

ಆದ್ರೆ ಎಳೆತ ಸಾಲ್ತಿಲ್ಲ. ಗಾರೆಯವರು ನೀರುಮಟ್ಟ ನೋಡೋ ಪಾರದರ್ಶಕ ಪೈಪನ್ನ ಯು ಆಕಾರಕ್ಕೆ ಹಲಗೆಗೆ ಕಟ್ಟಿ, ನೀರಿಗೆ ಚಿಟಿಕೆ ಕುಂಕುಮ ಹಾಕಿ, ಒಂದು ತುದಿಗೆ ಸಣ್ಣ ತಾಮ್ರದ ಕೊಳವೆ ಸಿಕ್ಕಿಸಿ ಹೊರಗಾಳಿ ಪೈಪಿನ ಬಾಯಲ್ಲಿ ಗಾಳಿಗೆ ಎದುರಾಗಿ ಹಿಡಿದೆ. ಎರಡು ಕಡೆಯ ನೀರಿಗೂ 7 ಮಿಮೀ ವ್ಯತ್ಯಾಸ.

ಗಾಳಿಲೆಕ್ಕ

ಕುಂಕುಮದ ಮ್ಯಾನೋಮೀಟರ್! ಸೂಪರ್. ನಿಮ್ಮ ಎತ್ತರದ ಗಾಳಿಗೆ 7 ಮಿಮೀ ಅಂದ್ರೆ ಸೆಕೆಂಡಿಗೆ 11 ಮೀಟರ್ ಚಿಲ್ಲರೆ. ಬರಬೇಕಾದ್ದರ ಅರ್ಧ. ಒಂದು ನೋಡಿ ಹೇಳಿ: ಚಕ್ರ ಯಾವ ಕಡೆ ತಿರುಗ್ತಿದೆ? ಕೇಸಿಂಗ್ ಸುರುಳಿ ಅಗಲ ಆಗ್ತಾ ಹೋಗೋ ದಿಕ್ಕಿಗೇ ತಿರುಗಬೇಕು.

ವೈಂಡರ್_ತುಮಕೂರು

ನಾನೂ ಅದನ್ನೇ ಬರೆಯೋಕೆ ಬಂದೆ. ಟೇಬಲ್ ಫ್ಯಾನ್ ಉಲ್ಟಾ ತಿರುಗಿದ್ರೆ ಗಾಳಿ ಹಿಂದಕ್ಕೆ ಹೋಗುತ್ತೆ, ಗೊತ್ತಾಗುತ್ತೆ. ಸೆಂಟ್ರಿಫ್ಯೂಗಲ್ ಹಾಗಲ್ಲ. ಉಲ್ಟಾ ತಿರುಗಿದ್ರೂ ಗಾಳಿ ಅದೇ ಬಾಯಿಂದ ಬರುತ್ತೆ, ಬಡವಾಗಿ. "ಗಾಳಿ ಬರ್ತಿದೆಯಲ್ಲ" ಅಂತ ಎಷ್ಟೋ ಕಡೆ ಹಾಗೇ ಓಡಿಸ್ತಿರ್ತಾರೆ. ವಿಎಫ್‌ಡಿಯಿಂದ ಮೋಟರಿಗೆ ಹೋಗೋ ಮೂರು ವೈರಲ್ಲಿ ಯಾವ ಎರಡನ್ನಾದ್ರೂ ಅದಲುಬದಲು ಮಾಡಿ. ಮೇನ್ ಆಫ್ ಮಾಡಿದ ಮೇಲೂ ವಿಎಫ್‌ಡಿ ಒಳಗಿನ ಕೆಪಾಸಿಟರಲ್ಲಿ ಚಾರ್ಜ್ ಇರುತ್ತೆ, ಹತ್ತು ನಿಮಿಷ ಬಿಟ್ಟು ಮುಟ್ಟಿ.

ಉಳಿಬಾಚಿ_ಮೈಸೂರು

ಉಲ್ಟಾನೇ ಇತ್ತು! ಕೇಸಿಂಗ್ ಮೇಲಿನ ಬಾಣದ ಗುರುತು ಹಳೇ ಬಣ್ಣದಡಿ ಮುಚ್ಚಿಹೋಗಿತ್ತು, ಕೆರೆದಾಗ ಕಾಣಿಸ್ತು. ವೈರ್ ಬದಲಿಸಿದ ಮೇಲೆ ನೀರು 26 ಮಿಮೀ ತೋರಿಸ್ತಿದೆ. ಪ್ಲೇನರಿಂದ ಹೊಟ್ಟು ಸೀದಾ ಡ್ರಮ್ಮಿಗೆ.

ಗಾಳಿಲೆಕ್ಕ

26 ಅಂದ್ರೆ ಸೆಕೆಂಡಿಗೆ 21 ಮೀಟರಿಗೂ ಹೆಚ್ಚು, ಮುಟ್ಟಬೇಕಾದ ಕಡೆ ಮುಟ್ಟಿದೀರಿ. ಇನ್ನೆರಡು ಮಾತು. 90 ಡಿಗ್ರಿ ಬೆಂಡ್ ಇರೋ ಕಡೆ ಎರಡು 45 ಹಾಕಿ, ಬೆಂಡ್ ಒಳಗೆ ಹೊಟ್ಟು ಸಿಕ್ಕೋದು ತಪ್ಪುತ್ತೆ. ಡ್ರಮ್ಮಿನ ಮುಚ್ಚಳ ಗಟ್ಟಿ ಇರಲಿ. ಎಲ್ಲಾ ಗೇಟ್ ಮುಚ್ಚಿದಾಗ ಒಳಗೆ 200 ಮಿಮೀ ನೀರಿನಷ್ಟು ಎಳೆತ ಆದ್ರೂ ಆ ಅಗಲಕ್ಕೆ 50 ಕೆಜಿ ಮೇಲೆ ಕೂತ ಲೆಕ್ಕ. ಸೋರಿಕೆ ಇದ್ರೆ ಸೈಕ್ಲೋನಿಗೆ ಇಳಿದ ಹೊಟ್ಟು ಮತ್ತೆ ಮೇಲೆದ್ದು ಬ್ಲೋವರಿಗೆ ಬರುತ್ತೆ, ಮುಚ್ಚಳದ ಸುತ್ತ ಫೋಮ್ ಪಟ್ಟಿ ಅಂಟಿಸಿ.

ಕಡಲಬದಿ_ಕುಂದಾಪುರ

ಮೊದಲು ತಂದಿಟ್ಟಿದ್ದ ನಾಲ್ಕಿಂಚು ಪೈಪ್ ಏನಾದ್ರೂ ಉಳಿದಿದ್ರೆ ಹೇಳಿ ಮಾರಾಯ್ರೆ. ಮುಂದಿನ ವಾರ ಮೈಸೂರಿಗೆ ಬರ್ಲಿಕ್ಕುಂಟು, ಬೈಂಡ್‌ಸಾಗೆ ನನಗೆ ಅದು ಧಾರಾಳ ಸಾಕು.